ಎಡಗೈಗೆ ಮಾಡಿದ ಚೂರಿ

ಕಣ್ಣು ಮಂಜಾಗಿ ಆಚಾರ್ರು ಕುಲುಮೆ ನಿಲ್ಲಿಸಿದರು ಎಂದು ನಮ್ಮೂರು ಬೀಜಾಡಿಯಲ್ಲಿ ಈಗಲೂ ಹೇಳುವವರಿದ್ದಾರೆ. ಸುಳ್ಳು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಸಾಕಾಗಿತ್ತು, ನಿಲ್ಲಿಸಿದರು. ಅವರು ಮಾಡಿದ ಕೊನೆಯ ಚೂರಿ ನನ್ನ ಹತ್ತಿರ ಇದೆ, ಹಾಗಾಗಿ ನನಗೆ ಗೊತ್ತು.

ಇದೆಲ್ಲ ಮತ್ತೆ ನೆನಪಾದದ್ದು ಹೊನ್ನೆ ಎಣ್ಣೆಯ ವಾಸನೆಯಿಂದ. ನನ್ನ ಮಗಳ ಮಗಳು ಮುಂಬೈಯಲ್ಲಿ ಹುಟ್ಟಿ ಬೆಳೆದವಳು. ಬ್ರಹ್ಮಾವರದಲ್ಲಿ ಕೆಲಸ ಸಿಕ್ಕಿದ ಮೇಲೆ ನನ್ನ ಜೊತೆ ಇದ್ದಾಳೆ. ಅವಳಿಗೆ ಮಡಚುವ ಚೂರಿಗಳ ಹುಚ್ಚು. ಸೀರೆ ಬಂಗಾರದ ಹುಚ್ಚು ಕಂಡಿದ್ದೇನೆ, ಇದನ್ನು ಕಂಡಿರಲಿಲ್ಲ. ಹೋದ ವಾರ ಅವಳಿಗೆ ಒಂದು ಪಾರ್ಸೆಲ್ ಬಂತು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಮೆತ್ತನೆ ಬಟ್ಟೆ, ಅದರೊಳಗೆ ಬೆರಳುದ್ದದ ಚೂರಿ. ಜೊತೆಗೆ ಎಣ್ಣೆಯ ಪುಟ್ಟ ಶೀಷೆ. ಮೂಸಿ ನೋಡಿದೆ, ಏನೂ ವಾಸನೆ ಇಲ್ಲ.

ಅವಳು ಎಡಗೈಯವಳು. ಅದು ನನ್ನಿಂದ ಬಂದದ್ದು. ಚೂರಿ ಬಿಡಿಸಲು ಕೈ ತಿರುಚಿಕೊಂಡು ಒದ್ದಾಡುತ್ತಿದ್ದಳು.

"ಕಾಣಿ ಅಮ್ಮಮ್ಮ, ಮುಂದಿನದ್ ಎಂತ ಮಾಡ್ಕ್ ಅಂದೇಳಿ ಕಂಪೆನಿಯವ್ರೇ ಕೇಂಡಿರ್," ಎಂದು ಫೋನು ತೋರಿಸಿದಳು. ಚೂರಿ ಹುಚ್ಚಿನವರದ್ದೇ ಒಂದು ಗುಂಪಂತೆ. ಒಬ್ಬನಿಗೆ ಇನ್ನೂ ತೆಳ್ಳಗೆ ಬೇಕು, ಒಬ್ಬನಿಗೆ ಇನ್ನೂ ಹಗುರ, ಒಬ್ಬನಿಗೆ ಹಿಡಿ ನೀಲಿ ಬಣ್ಣದ್ದು. "ಎಡಗೈಯವ್ರಿಗೂ ಒಂದ್ ಮಾಡಿ ಅಂದೇಳಿ ನಾ ಬರ್ದಿದೆ. ಒಬ್ರೂ ತಿರ್ಗಿ ಕಾಣ್ಲಿಲ್ಲೆ."

"ಇದ್ರಂಗೆ ಎಂತ ಕೊಯ್ದಿ?" ಎಂದು ಚೂರಿ ತೋರಿಸಿ ಕೇಳಿದೆ.

"ಕೊಯ್ಲಿಲ್ಲೆ ಅಮ್ಮಮ್ಮ. ಗೀರ್ ಬಿದ್ರೆ ಹಾಳಾತ್ತ್."

ನಾನು ಎದ್ದು ಒಳಗೆ ಹೋದೆ. ಕಪಾಟಿನ ಮೇಲಿದ್ದ ಹಳೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದೆ. ಆಚಾರ್ರ ಚೂರಿಗೆ ಹಚ್ಚಿಟ್ಟಿದ್ದ ಹೊನ್ನೆ ಎಣ್ಣೆಯ ಆ ಕಹಿ ವಾಸನೆ ಇನ್ನೂ ಹೋಗಿರಲಿಲ್ಲ...

ಆಗ ನಾನು ಮೀನು ಮಾರುತ್ತಿದ್ದೆ. ಬೆಳಿಗ್ಗೆ ಬುಟ್ಟಿ ಹೊತ್ತು ಕೋಟೇಶ್ವರದಲ್ಲಿ ಬಸ್ಸು ಹತ್ತಿ ಅಮಾಸೆಬೈಲಿನವರೆಗೂ ಹೋಗುತ್ತಿದ್ದೆ. ಆ ಕಡೆಯ ಹೆಂಗಸರಿಗೆ ಮೀನಿನ ಹೊಟ್ಟೆ ಸೀಳಿ, ಶುಚಿ ಮಾಡಿ ಕೊಡಬೇಕು. ಅದಕ್ಕೆ ಬುಟ್ಟಿಯಲ್ಲಿ ಒಂದು ಕತ್ತಿ ಇರುತ್ತಿತ್ತು. ಒಂದು ದಿನ ತಿರುವಿನಲ್ಲಿ ಬಸ್ಸು ವಾಲಿತು, ಕತ್ತಿ ಜಾರಿ ಮುಂದಿನ ಸೀಟಿನವರ ಕಾಲಿಗೆ ತಾಗಿತು. ದೊಡ್ಡ ಗಾಯ ಅಲ್ಲ. ಆದರೂ ರಕ್ತ ರಕ್ತವೇ. ಕಂಡಕ್ಟರ್ ನನ್ನನ್ನು ಇಳಿಸುವಾಗ, "ಇನ್ನ್ ಕತ್ತಿ ಹಿಡ್ಕಂಡ್ ಬಂದ್ರೆ ಹತ್ಸುದಿಲ್ಲೆ" ಎಂದ. ಕತ್ತಿ ಇಲ್ಲದೆ ಆ ಕಡೆಯಲ್ಲಿ ಮೀನು ಹೋಗುವುದಿಲ್ಲ. ಕತ್ತಿ ಇದ್ದರೆ ಬಸ್ಸಿಲ್ಲ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

ಮಡಚುವ ಚೂರಿ ಎಂದರೆ ಆಚಾರ್ರು. ಕೋಣದ ಕೋಡಿನ ಹಿಡಿ, ಹೆಬ್ಬೆರಳಿನಷ್ಟು ಅಗಲದ ಅಲಗು. ಮಡಚಿದರೆ ಸೊಂಟದಲ್ಲಿ ಸಿಕ್ಕಿಸಿಕೊಳ್ಳಬಹುದು. ಅವರಲ್ಲಿ ಒಂದು ಕ್ರಮ ಇತ್ತು. ಕಬ್ಬಿಣವನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳ ಆಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುವುದೇ. ಚೂರಿ ಕೇಳಿ ಬಂದವರ ಎದುರು ಆಚಾರ್ರು ತಮ್ಮ ಹಳೆಯದೊಂದು ಚೂರಿಯನ್ನು ಕುಲುಮೆಯ ಮುಂದಿನ ಕರಿಕಲ್ಲಿನ ಮೇಲೆ ಇಡುತ್ತಿದ್ದರು. "ತಕಣಿ" ಎನ್ನುತ್ತಿದ್ದರು. ನಾವು ಎತ್ತಿಕೊಳ್ಳುವುದನ್ನು ನೋಡಿಯೇ ಅವರಿಗೆ ಕೈಯ ಅಳತೆ ಸಿಗುತ್ತಿತ್ತು.

ನಾನು ಬಲಗೈಯಲ್ಲಿ ಎತ್ತಿಕೊಂಡೆ.

ಮತ್ತೇನು ಮಾಡುವುದು? ಹಿರಿಯರ ಎದುರು ಎಡಗೈ ಚಾಚುವುದುಂಟೇ? ಎರಡು ವರ್ಷ ಶಾಲೆಗೆ ಹೋಗಿ ನಾನು ಸರಿಯಾಗಿ ಕಲಿತದ್ದು ಅದೊಂದೇ, ಬೆರಳ ಗಂಟಿನ ಮೇಲೆ ಪೆಟ್ಟು ತಿಂದು.

ಚೂರಿ ಚೆಂದವೇ ಆಗಿತ್ತು. ಆದರೆ ಉಗುರು ಹಾಕಿ ಅಲಗು ಎಳೆಯುವ ಗೀರು ಇತ್ತಲ್ಲ, ಅದು ಬಲಗೈಯವರ ಬದಿಗೆ. ಮೀನಿನ ಲೋಳೆ ಹತ್ತಿದ ಕೈಯಲ್ಲಿ ನನಗದು ಬಿಡಿಸಲು ಬರುವುದೇ ಇಲ್ಲ. ಎರಡು ಸಲ ಬೆರಳು ಕೊಯ್ದುಕೊಂಡೆ. ಆಮೇಲೆ ಹಲ್ಲಿನಿಂದ ಕಚ್ಚಿ ಎಳೆಯುವುದು ರೂಢಿ ಮಾಡಿಕೊಂಡೆ. ಅಮಾಸೆಬೈಲಿನ ಒಂದು ಮನೆಯವರು ಅದನ್ನು ನೋಡಿ, ಎಂಜಲು ಚೂರಿಯ ಮೀನು ಬೇಡ ಎಂದು ಗೇಟು ಹಾಕಿಕೊಂಡರು. ಮರುದಿನ ಪಕ್ಕದ ಮನೆಯವರೂ ಹಾಕಿಕೊಂಡರು. ಆ ದಾರಿಯ ವ್ಯಾಪಾರವೇ ಹೋಗುತ್ತದೆ ಎಂದು ಹೆದರಿಕೆಯಾಯಿತು. ಸೀದಾ ಆಚಾರ್ರಲ್ಲಿಗೆ ಹೋದೆ.

ಅಲ್ಲಿ ಜಗಲಿ ತುಂಬ ಜನ. ಮುಂಬೈ ಹೋಟೆಲಿನಿಂದ ರಜೆಯಲ್ಲಿ ಬಂದವರು, ಒಬ್ಬರು ಡಾಕ್ಟರು, ಒಬ್ಬರು ವಕೀಲರು. ಇವರೆಲ್ಲ ಆಚಾರ್ರ ಚೂರಿಯ ಹುಚ್ಚಿನವರು. ಒಬ್ಬರಿಗೆ ಜಿಂಕೆ ಕೋಡಿನ ಹಿಡಿ ಬೇಕು. ಒಬ್ಬರಿಗೆ ಬಿಡಿಸುವಾಗ ಟಕ್ ಎನ್ನಬೇಕು. ಒಬ್ಬರಿಗೆ ಅಲಗಿನ ಮೇಲೆ ಹೆಸರು ಕೊರೆಯಬೇಕು. ಹೊಸ ಚೂರಿ ಕೈಗೆ ಬಂದು ಬಿಸಿ ಆರುವ ಮೊದಲೇ, "ಮುಂದಿನದ್ ಎಂತ ಆಚಾರ್ರೆ?" ಎನ್ನುವವರು.

ನಾನು ಚೂರಿಯನ್ನು ಕಲ್ಲಿನ ಮೇಲೆ ಇಟ್ಟೆ. "ಇದ್ ಬಿಡ್ಸುಕೆ ಆತಿಲ್ಲೆ" ಎಂದೆ.

"ನೀ ಬಿಡ್ಸುದ್ ಹ್ಯಾಂಗೆ, ತೋರ್ಸ್ ಕಾಂಬ," ಎಂದರು ಆಚಾರ್ರು.

ಹಲ್ಲಿನಿಂದ ಎಳೆದು ತೋರಿಸಿ ಮತ್ತೆ ಕಲ್ಲಿನ ಮೇಲೆ ಇಟ್ಟೆ. ಜಗಲಿಯೆಲ್ಲ ನಕ್ಕಿತು. ವಕೀಲರು, "ಆಚಾರ್ರೆ, ಮುಂದಿನದ್ ಹಲ್ಲಿಗ್ ಅಳ್ತಿ ತಕಂಡ್ ಮಾಡಿ" ಎಂದರು.

ಆಚಾರ್ರು ನಗಲಿಲ್ಲ. ಚೂರಿ ತೆಗೆದುಕೊಂಡು ಅಲಗು ನೋಡಿದರು. ತುಕ್ಕು ಹಿಡಿದಿತ್ತು, ಬುಡದಲ್ಲಿ ಮೀನಿನ ಪರೆ ಒಣಗಿತ್ತು, ಮಸೆದು ಮಸೆದು ಬಾಯಿ ಸವೆದಿತ್ತು. ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ವಕೀಲರ ಕಡೆ ತಿರುಗಿ, "ನಿಮ್ಗ್ ಮಾಡಿ ಕೊಟ್ಟದ್ರಂಗೆ ಎಂತ ಕೊಯ್ದ್ರಿ?" ಎಂದು ಕೇಳಿದರು.

"ಕೊಯ್ಲಿಲ್ಲೆ ಆಚಾರ್ರೆ. ಜೋಪಾನ ಮಾಡಿ ಇಟ್ಟಿದೆ."

ಡಾಕ್ಟರನ್ನು ಕೇಳಿದರು. ಅವರೂ ಇಟ್ಟಿದ್ದರು. ಮುಂಬೈಯವರೂ ಇಟ್ಟಿದ್ದರು.

ಆಚಾರ್ರು ನನ್ನ ಚೂರಿಯನ್ನು ಮತ್ತೆ ಕಲ್ಲಿನ ಮೇಲೆ ಇಟ್ಟರು. "ಹೆಣ್ಣೆ, ಕೆಲ್ಸ ಮಾಡು ಕೈಯಂಗೆ ತಕೋ," ಎಂದರು.

ನಾನು ಕೆಲಸ ಮಾಡುವ ಕೈ ಎಡಗೈ. ಅಷ್ಟು ಜನರ ಎದುರು ಅದನ್ನೇ ಚಾಚಿದೆ. ನಾಚಿಕೆಯಿಂದ ಕುತ್ತಿಗೆ ಬಿಸಿಯಾಗಿತ್ತು. "ಎಡ್ಚಿ ಅಂದೇಳಿ ಮೊದ್ಲೇ ಹೇಳುಕಾಯ್ಲಿಲ್ಯಾ?" ಎಂದು ಬೈದರು. "ಎಂಟ್ ದಿನ ಬಿಟ್ಟ್ ಬಾ."

"ಹ್ವಾಯ್, ನಮ್ಮದೆಂತ ಆಯ್ತ್?" ಎಂದರು ವಕೀಲರು.

"ಇವ್ಳದ್ದ್ ಆಯ್ಲಿ."

ಆ ಎಂಟು ದಿನ ಬಸ್ಸು ಹತ್ತಲಿಲ್ಲ. ಕೋಟೇಶ್ವರದ ಸುತ್ತ ನಡೆದೇ ಮಾರಿದೆ. ಒಂಬತ್ತನೆಯ ದಿನ ಹೊಸ ಚೂರಿ ಕಲ್ಲಿನ ಮೇಲಿತ್ತು. ಗೀರು ನನ್ನ ಬದಿಗೆ ಬಂದಿತ್ತು. ಹಿಡಿ ನನ್ನ ಎಡ ಅಂಗೈಗೇ ಅಚ್ಚು ಹಾಕಿದ ಹಾಗೆ. ಒಂದೇ ಎಳೆತಕ್ಕೆ ಬಿಡಿಸಿಕೊಂಡಿತು.

"ಹ್ಯಾಂಗಿತ್ತ್?" ಎಂದು ಕೇಳಿದರು.

"ಅಡ್ಡಿಲ್ಲೆ" ಎಂದೆ. ನನ್ನ ಬಾಯಿಂದ ಅಷ್ಟೇ ಬರುವುದು.

ಅವರು ನಕ್ಕದ್ದನ್ನು ನಾನು ಕಂಡದ್ದು ಆವತ್ತೇ. ಆಮೇಲೆ ಕುಲುಮೆಯ ತಿದಿ ಒತ್ತಲಿಲ್ಲ. ಹುಚ್ಚಿನವರು ಬಂದು ಬಂದು ಕೇಳಿದರು. ಕಣ್ಣು ಕಾಣುವುದಿಲ್ಲ ಎಂದು ಆಚಾರ್ರು ಹೇಳಿ ಕಳಿಸಿದರು. ಅದೇ ಕಣ್ಣಿನವರು ನಾನು ರಸ್ತೆಯಲ್ಲಿ ಬುಟ್ಟಿ ಹೊತ್ತು ಹೋಗುವಾಗ ಕರೆದು ನಿಲ್ಲಿಸಿ, ಜಗಲಿಯಿಂದ ಇಳಿಯದೆ, "ಬಂಗ್ಡಿ ಇವತ್ತಿಂದಲ್ಲ, ಕಣ್ಣ್ ಕೆಂಪಾಯ್ತ್" ಎಂದಿದ್ದರು. ನಿಜವಾಗಿ ಅದು ನಿನ್ನೆಯ ಬಂಗುಡೆ.

ಆ ಚೂರಿಯಲ್ಲಿ ಹದಿನಾರು ವರ್ಷ ಮೀನು ಕೊಯ್ದೆ. ಬಸ್ಸಿನವರು ಮಾತಾಡಲಿಲ್ಲ, ಅಮಾಸೆಬೈಲಿನ ಗೇಟುಗಳು ತೆರೆದವು, ಮಗಳ ಮದುವೆ ಆಯಿತು. ಆಚಾರ್ರು ಸತ್ತ ದಿನ ನಾನು ಆ ಕಡೆ ಬುಟ್ಟಿ ಇಳಿಸಿ ಕೂತಿದ್ದೆ. ಸುದ್ದಿ ಸಿಕ್ಕಿದ್ದು ವಾಪಸ್ ಬರುವಾಗ, ಬಸ್ಸಿನಲ್ಲಿ. ಮುಖ ನೋಡಲು ಸಿಗಲಿಲ್ಲ... ಕುಲುಮೆಯಿದ್ದ ಜಾಗದಲ್ಲಿ ಈಗ ಪಂಕ್ಚರ್ ಅಂಗಡಿ. ಕರಿಕಲ್ಲು ಎಲ್ಲಿ ಹೋಯಿತೋ, ಯಾರನ್ನು ಕೇಳುವುದು. "ಅಡ್ಡಿಲ್ಲೆ" ಎಂದದ್ದರ ಮೇಲೆ ಇನ್ನೊಂದು ಮಾತು ಅವರಿಗೆ ನಾನು ಹೇಳಲೇ ಇಲ್ಲ. ಹೇಳಬೇಕಿತ್ತು.

ಮೊಮ್ಮಗಳು ಇದನ್ನೆಲ್ಲ ಕೇಳಿ ಫೋನು ಎತ್ತಿ ಚೂರಿಯ ಫೋಟೋ ಹೊಡೆದಳು. "ಮುಂದಿನದ್ ಇಂಥದೇ ಮಾಡುಕೆ ಕಂಪೆನಿಗ್ ಹೇಳ್ವ ಅಮ್ಮಮ್ಮ. ಚೂರಿ ಅವ್ಕ್ ಕಳ್ಸುವನಾ? ಗ್ಲಾಸಿನ ಪೆಟ್ಟಿಗಿಯಂಗೆ ಇಡ್ತ್ರ್."

"ಇಡುದ್ ಬೇಡ," ಎಂದೆ.

ಮರುದಿನ ಬೆಳಿಗ್ಗೆ ಚೂರಿಯ ಕೀಲಿಗೆ ಹೊನ್ನೆ ಎಣ್ಣೆ ಬಿಟ್ಟು, ಬಾಯಿ ಮಸೆದು, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟೆ. ಪಕ್ಕದಲ್ಲಿ ಒಂದು ಪಾತ್ರೆ ಬಂಗುಡೆ. ಮೊಮ್ಮಗಳನ್ನು ಕರೆದು, "ತಕೋ" ಎಂದೆ. ಅವಳು ಬಲಗೈ ಚಾಚಿದಳು, ಥೇಟ್ ನನ್ನ ಹಾಗೆ.

"ಅದಲ್ಲ. ಕೆಲ್ಸ ಮಾಡು ಕೈ."

ಕೈ ಬದಲಿಸಿದಳು. ಒಂದೇ ಎಳೆತಕ್ಕೆ ಬಿಡಿಸಿಕೊಂಡಿತು. ನಾನು ಮೀನಿನ ಪಾತ್ರೆಯನ್ನು ಅವಳ ಕಡೆ ದೂಡಿದೆ.