ಗಾಳಿ ಏಳುವ ಮುಂಚಿನ ಚಿತ್ರ

ಬೆಳಕು ಹರಿಯುತ್ತಿದೆ. ಊರೆದುರಿನ ದಿಬ್ಬದ ಮೇಲೆ, ಅರವತ್ತರ ಹತ್ತಿರದ ಒಬ್ಬರು ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ಬಿಡಿಸಿ, ಬಂಡೆಯಲ್ಲಿ ತಾವೇ ಉಳಿ ಹಿಡಿದು ಕೊರೆದ ಮೂರು ಕುಳಿಗಳಲ್ಲಿ ಊರುತ್ತಾರೆ. ಅದರ ನಡುವೆ ಬಟ್ಟೆಯ ಚೀಲ ತೂಗುಹಾಕಿ ಕಲ್ಲು ತುಂಬುತ್ತಾರೆ. ಊರಿಗೆಲ್ಲ ಅವರು ‘ಕಲ್ಲುಚೀಲದಣ್ಣ’.

ಎದುರಿಗಿರುವುದು ಕಲ್ಲುಗಣಿಗೆಂದು ಹೊಟ್ಟೆ ಬಗೆಸಿಕೊಂಡ ಗುಡ್ಡ. ನೆತ್ತಿಯ ಹತ್ತಿರ ಒಂದು ಬಿರುಕು. ಬುಡದಲ್ಲಿ ನಲವತ್ತೊಂದು ಮನೆ. ಕೊನೆಯದು ಅವರ ತಂಗಿಯದು. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಗಣಿ ಕಚೇರಿಗೆ ತಿಂಗಳಿಗೊಂದು ಚಿತ್ರ ಬೇಕು. ಸ್ಟುಡಿಯೊದಲ್ಲಿ ಮೂವತ್ತು ವರ್ಷ ಜನರ ಮುಖ ತೆಗೆದವರು, ಹನ್ನೊಂದು ವರ್ಷದಿಂದ ಈ ಗುಡ್ಡದ ಮುಖ ತೆಗೆಯುತ್ತಿದ್ದಾರೆ.

“ಜನಕ್ಕೆ ಅಲ್ಲಾಡಬೇಡಿ ಅಂತ ಹೇಳಿ ಹೇಳಿ ಸಾಕಾಗಿತ್ತು. ಗುಡ್ಡಕ್ಕೆ ಹೇಳೋದೇ ಬೇಡ ಅಂದ್ಕೊಂಡೆ,” ಎಂದು ನಗುತ್ತಾರೆ.

ನಗುತ್ತಲೇ ಲೆನ್ಸಿನೊಳಗಿನ ಬೆಳಕಿನ ಕಿಂಡಿಯನ್ನು ಹನ್ನೊಂದರ ಗುರುತಿಗೆ ಕಿರಿದು ಮಾಡುತ್ತಾರೆ. “ಕಣ್ಣು ಕಿರಿದು ಮಾಡಿದ್ರೆ ದೂರದ್ದು ಚೆನ್ನಾಗಿ ಕಾಣಲ್ವಾ, ಹಾಗೇ. ನನಗೆ ಹತ್ತಿರದ ಮನೆ ಹೆಂಚೂ ಬೇಕು, ನೆತ್ತಿ ಮೇಲಿನ ಹುಲ್ಲೂ ಬೇಕು.” ಕಿಂಡಿ ಕಿರಿದಾದರೆ ಬೆಳಕು ಒಳಗೆ ಬರಲು ಹೊತ್ತು ಹಿಡಿಯುತ್ತದೆ, ಆ ಅರೆ ಸೆಕೆಂಡು ಕ್ಯಾಮೆರಾ ಮಿಸುಕಬಾರದು. ಅದಕ್ಕೇ ಚೀಲ, ಅದಕ್ಕೇ ಗಾಳಿ ಏಳದ ಈ ಹೊತ್ತು. ಗುಂಡಿ ಒತ್ತಿ ದೂರ ಸರಿದು ನಿಲ್ಲುತ್ತಾರೆ. ಹತ್ತು ಸೆಕೆಂಡಿಗೆ ಕ್ಯಾಮೆರಾ ತಾನೇ ಚಿತ್ರ ತೆಗೆಯುತ್ತದೆ.

ಮೂರು ವರ್ಷದ ಹಿಂದೆ ಒಂದೇ ಒಂದು ಸಲ ಚೀಲ ಮರೆತು ಬಂದಿದ್ದರು. ಚಿತ್ರ ಅದುರಿ, ಬಿರುಕು ಎರಡರಷ್ಟು ಅಗಲ ಕಂಡಿತು. ಬೀದಿಗೆ ಬೀದಿಯೇ ಗಂಟುಮೂಟೆ ಕಟ್ಟಿ ನಾಲ್ಕು ದಿನ ಶಾಲೆಯಲ್ಲಿ ಕಳೆಯಿತು. ಗುಡ್ಡ ಕೂತಲ್ಲೇ ಕೂತಿತ್ತು. “ಅವತ್ತಿಂದ ಎದುರಾದವರೆಲ್ಲ ‘ಅಣ್ಣಾ, ಚೀಲ ಎಲ್ಲಿ?’ ಅಂತಾರೆ. ಅನ್ನಲಿ ಬಿಡಿ, ತಪ್ಪು ನಂದೇ.”

ಹೋದ ತಿಂಗಳ ಚಿತ್ರದಲ್ಲಿ ಬಿರುಕು ನೆತ್ತಿಯ ಪೊದೆಯನ್ನು ದಾಟಿದೆ. ಯಾರೂ ನಂಬಿಲ್ಲ. “ಚೀಲ ಕಟ್ಟಿದ್ರಾ ಯಜಮಾನ್ರೇ?” ಎಂದು ಕೇಳಿದ ಗಣಿ ಕಚೇರಿಯ ಎಂಜಿನಿಯರ್, ಇನ್ನೊಂದು ಚಿತ್ರ ತರಲು ಹೇಳಿದ್ದಾರೆ. ಮಳೆಗಾಲಕ್ಕೆ ವಾರವಷ್ಟೇ ಉಳಿದಿದೆ.

ಇವತ್ತು ಒಂದಲ್ಲ, ಮೂರು ಚಿತ್ರ. ಕಚೇರಿಯಲ್ಲಿ ಎಂಜಿನಿಯರ್ ಒಂದೊಂದನ್ನೂ ಹಿಗ್ಗಿಸಿ ನೋಡುತ್ತಾರೆ. ಹೆಂಚಿನ ಅಂಚು, ತಂತಿಯ ಮೇಲಿನ ಬಟ್ಟೆ ಕ್ಲಿಪ್ಪು, ಪೊದೆಯ ಎಲೆ, ಎಲ್ಲ ಗೀಟೆಳೆದಂತೆ ನಿಂತಿವೆ. ಬಿರುಕು ಮಾತ್ರ ಪೊದೆಯಾಚೆ ಇನ್ನೂ ಮೊಳದುದ್ದ ಹೋಗಿದೆ. ಎಂಜಿನಿಯರ್ ಫೋನೆತ್ತುತ್ತಾರೆ.

ಸಂಜೆಗೆ ಬೀದಿ ಖಾಲಿಯಾಗುತ್ತಿದೆ. ಪಾತ್ರೆಗಂಟನ್ನು ಗಾಡಿಗೇರಿಸುತ್ತ ತಂಗಿ ಕೇಳುತ್ತಾಳೆ: “ಅಣ್ಣಾ, ನಿಜ ಹೇಳು. ಈ ಸಲ ಅಲ್ಲಾಡಿಲ್ಲ ತಾನೆ?”

ಗಂಟಿನ ಇನ್ನೊಂದು ತುದಿಗೆ ಕೈಕೊಟ್ಟು ಅಣ್ಣ ಹೇಳುತ್ತಾರೆ: “ನಾನು ಅಲ್ಲಾಡಿಲ್ಲಮ್ಮಾ. ಗುಡ್ಡ ಅಲ್ಲಾಡಿದೆ.”