ಬಿಸಿಲೇರಿದ ಮೇಲೆ ಬರುವ ನೀರು

ಓಣಿಗಳಿಗೆ ನೀರು ಬಿಡುವ ಹಾಜಿರಾಬೀ ಬಳಿ ಬೆಳಗಿನ ಐದಕ್ಕೆ ಬಿಡಲು ನೀರಿಲ್ಲ. ಆದರೂ ಉದ್ದನೆಯ ಕಬ್ಬಿಣದ ಚಾವಿ ಹೆಗಲಿಗಿಟ್ಟು ಬಂದಿದ್ದಾರೆ. ವಾಲ್ವಿನ ಗುಂಡಿಗೆ ಚಾವಿ ಇಳಿಸಿ, ಅದರ ತುದಿಗೆ ಕಿವಿ ಹಚ್ಚುತ್ತಾರೆ. ಪೈಪಿಗೆ ನೀರು ಬಂದಿದ್ದರೆ ಕಬ್ಬಿಣ ಗುಂಯ್‌ಗುಡುತ್ತದೆ. ಈಗ ಸದ್ದಿಲ್ಲ.

ಸಿಂಧನೂರು–ಮಸ್ಕಿ ರಸ್ತೆಯ ಈ ಬಡಾವಣೆಯ ಕೂಲಿ ಓಣಿಯಲ್ಲಿ ಕೊಡಗಳು ಸಾಲಾಗಿ ಕೂತಿವೆ. ಆರಕ್ಕೆ ಕೂಲಿಯವರನ್ನು ಹೊತ್ತು ಮುಕ್ಕುಂದದ ಗದ್ದೆಗಳಿಗೆ ಟಂಟಂ ಆಟೋ ಹೊರಡುತ್ತದೆ.

‘ಏ ಹಾಜಿರವ್ವಾ, ಆ ಸೂರ್ಯಾಗ ಚಾ ಕುಡಿಸಿ ಎಬ್ಬಿಸಬೇ!’ ಎಂದು ಕೂಲಿಗೆ ಹೊರಟು ನಿಂತ ಗಾಳೆಮ್ಮ ಕೂಗುತ್ತಾರೆ.

‘ನನ್ನ ಮಾತು ನಮ್ಮನಿ ಕೋಳೀನ ಕೇಳಂಗಿಲ್ಲ. ಸೂರ್ಯ ಕೇಳ್ತಾನೇನಬೇ?’

ಗಂಡ ತೀರಿದ ಮೇಲೆ ಚಾವಿ ಹಾಜಿರಾಬೀ ಕೈಗೆ ಬಂತು. ಹದಿನಾರು ವರ್ಷವಾಯಿತು. ದಿನಕ್ಕೆ ಇಪ್ಪತ್ತೆರಡು ವಾಲ್ವ್, ಏಳು ಕಿಲೋಮೀಟರ್ ನಡಿಗೆ. ನೌಕರಿ ಇನ್ನೂ ಕಾಯಂ ಆಗಿಲ್ಲ.

ಎರಡು ವರ್ಷದ ಹಿಂದೆ ಬಡಾವಣೆಯ ನೀರು ಸಂಸ್ಥೆ ಪಂಪಿನ ಕರೆಂಟಿಗಾಗಿ ಸೋಲಾರ್ ಕಂಪನಿಯೊಂದರ ಜೊತೆ ಇಪ್ಪತ್ತೈದು ವರ್ಷದ ಕರಾರಿಗೆ ಸಹಿ ಹಾಕಿತು. ಕರೆಂಟ್ ಬಳಸಲಿ, ಬಿಡಲಿ, ಹನ್ನೆರಡು ತಿಂಗಳೂ ಹಣ ಕಟ್ಟಬೇಕು. ಪಂಪಿಗೆ ನೀರು ಕೊಡುವ ಕಾಲುವೆ ಹನ್ನೆರಡೂ ತಿಂಗಳು ಹರಿಯುವುದಿಲ್ಲ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಸಹಿ ಹಾಕಿದವರಿಗೆ ನೆನಪಾಗಲಿಲ್ಲ. ಬೇಸಿಗೆಯಲ್ಲಿ ಕಾಲುವೆ ಬಂದ್ ಆಗುತ್ತದೆ, ಪಂಪ್ ನಿಲ್ಲುತ್ತದೆ, ಟ್ಯಾಂಕರ್ ಬರುತ್ತದೆ. ಬಿಲ್ ಮಾತ್ರ ನಿಲ್ಲುವುದಿಲ್ಲ. ಬಿರುಕು ಬಿಟ್ಟ ಮೇಲ್ತೊಟ್ಟಿಯ ದುರಸ್ತಿಗೆ ಇಟ್ಟಿದ್ದ ಹಣವೂ ಅದಕ್ಕೇ ಹೋಯಿತು. ಆ ತೊಟ್ಟಿಯಲ್ಲಿ ನೀರು ಬೆಳಗಿನ ತನಕ ನಿಲ್ಲುವುದಿಲ್ಲ. ಹೀಗಾಗಿ ಬಿಸಿಲೇರಿ ಪಂಪ್ ತಿರುಗಿದ ಮೇಲೆಯೇ ನಲ್ಲಿಗೆ ನೀರು. ಅಷ್ಟರಲ್ಲಿ ಒಂಬತ್ತೂವರೆ.

‘ನಸುಕಿನ್ಯಾಗ ಒಂದ್ ತಾಸು ಲೈನ್ ಕರೆಂಟಿನ ಮ್ಯಾಲೆ ಪಂಪ್ ಹಚ್ರೀ ಸಾಹೇಬ್ರ ಅಂತ ಎಷ್ಟ್ ಸಲ ಕೇಳೀನಿ,’ ಎನ್ನುತ್ತಾರೆ ಹಾಜಿರಾಬೀ.

ಸಂಸ್ಥೆಯ ಇಂಜಿನಿಯರ್ ಬಸವಂತರಾಯ ಏನನ್ನೂ ಮುಚ್ಚಿಡುವುದಿಲ್ಲ. ‘ಅದಕ್ಕೂ ರೊಕ್ಕ, ಇದಕ್ಕೂ ರೊಕ್ಕ, ಎಲ್ಲಿಂದ ತರೋದ್ರಿ? ಕರಾರು ಮುರಿದ್ರ ಉಳಿದ ಅಷ್ಟೂ ವರ್ಷದ ದಂಡ. ನಾ ರಿಟೈರ್ ಆಗಿ ಸತ್ತು ಹೋದ್ರೂ ಇದು ಮುಗಿಯಂಗಿಲ್ಲ.’

ನಿಮಗೇನು ಬೇಕು ಎಂದು ಕೇಳಿದರೆ ಹಾಜಿರಾಬೀ ಚಾವಿಯಿಂದ ಕಿವಿ ತೆಗೆಯುವುದಿಲ್ಲ. ‘ನನಗೇನ್ ಬ್ಯಾಡ್ರಿ. ಟಂಟಂ ಹೋಗೋದ್ರೊಳಗ ಒಂದ್ಸಲ ಇದು ಗುಂಯ್ ಅನ್ನಬೇಕು.’

ಚಾವಿ ಗುಂಯ್ ಅನ್ನುವುದಿಲ್ಲ. ಟಂಟಂ ಹೊರಡುತ್ತದೆ. ನೀರು ಹಿಡಿಯಲು ಗಾಳೆಮ್ಮನ ಮಗಳು ಅಂಬಿಕಾ ಮನೆಯಲ್ಲೇ ಉಳಿಯುತ್ತಾಳೆ. ಹೋದ ವರ್ಷ ಏಳನೇ ತರಗತಿಯಲ್ಲಿದ್ದಳು.

ಓಣಿಯಲ್ಲಿ ನಲವತ್ತೊಂದು ಮನೆ. ಕರಾರು ಮುಗಿಯಲು ಇನ್ನೂ ಇಪ್ಪತ್ತಮೂರು ವರ್ಷ. ಈವರೆಗೆ ಶಾಲೆ ಬಿಟ್ಟ ಹುಡುಗಿಯರು ಒಂಬತ್ತು ಮಂದಿ.