ಇಮ್ತಿಯಾಜ್ ಭಾಯಿಯ ಹೋಮ್ ಗ್ರೌಂಡ್

"ಯಾರ ಮನಿಯಾಗ ನಡದೈತಿ?"

ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಬಂದರೆ ಇಮ್ತಿಯಾಜ್ ಭಾಯಿ ಸ್ಕೋರು ಕೇಳುತ್ತಿರಲಿಲ್ಲ, ಇದನ್ನು ಕೇಳುತ್ತಿದ್ದರು. ಹುಬ್ಬಳ್ಳಿಯವರು, ಇಲ್ಲಿ ಐರ್ಲೆಂಡಿನ ಬಂದರೂರು ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ, ನಮ್ಮ ಪಕ್ಕದ ಮನೆ. ಹಿಂದೆ ಅಮೆರಿಕದಲ್ಲಿದ್ದಾಗ ಅಂಟಿದ ಹುಚ್ಚು ಅದು. ಯಾವ ವರ್ಷ ಯಾರು ಚಾಂಪಿಯನ್, ಪ್ಲೇಆಫ್‌ಗೆ ಎಷ್ಟನೇ ಶ್ರೇಯಾಂಕದಲ್ಲಿ ಬಂದರು, ಯಾರ ಮೈದಾನದಲ್ಲಿ ಗೆದ್ದರು, ಎಲ್ಲವೂ ಅವರ ಒಂದು ನೋಟ್‌ಬುಕ್ಕಿನಲ್ಲಿತ್ತು.

"ನೋಡು ಸುಮಾ, ಸೀಸನ್ ಪೂರ್ತಿ ಮೈಮುರದು ದುಡದಾಂವ ನಂಬರ್ ಒನ್. ಒಂದು ವಾರ ಆರಾಮ ಮನ್ಯಾಗ ಕುಂದರ್ತಾನ. ಆಮ್ಯಾಲೆ ಫೈನಲ್ ತನಕಾ ಎಲ್ಲಾರೂ ಅವನ ಊರಿಗೇ ಬಂದು ಆಡಬೇಕು. ಅವನ ಹಿಮ, ಅವನ ಮಂದಿ, ಅವನ ಗದ್ದಲ!"

"ಹಾಗಾದ್ರೆ ಕೆಳಗಿನ ನಂಬರಿನೋರು ಗೆಲ್ಲೋದೇ ಇಲ್ವಾ ಭಾಯಿ?"

"ಗೆಲ್ತಾರ. ಅವರ ಹೆಸರು ಕೆಂಪು ಪೆನ್ನಿಲೆ ಬರೀತೀನಿ."

ನನಗೆ ಆ ಆಟದ ತಲೆಬುಡ ತಿಳಿಯುತ್ತಿರಲಿಲ್ಲ. ಶಾಹಿದಾ ಭಾಭಿಯ ಚಹಾದ ಆಸೆಗೆ ಕೂತಿರುತ್ತಿದ್ದೆ, ಅಷ್ಟೆ.

ಕೊರೊನಾ ಬಂತು, ನಮ್ಮ ಸಾಫ್ಟ್‌ವೇರ್ ಕಂಪನಿ ಬಾಗಿಲು ಹಾಕಿತು. ಆರು ತಿಂಗಳಲ್ಲಿ ಬೇರೆ ಕೆಲಸ ಸಿಗದಿದ್ದರೆ ಇಲ್ಲಿ ದುಡಿಯುವ ಪರ್ಮಿಟ್ ಹೋಗುತ್ತದೆ, ಊರಿಗೆ ಗಂಟುಮೂಟೆ ಕಟ್ಟಬೇಕು. ವಿಡಿಯೋದಲ್ಲಿ ನಾಲ್ಕು ಇಂಟರ್‌ವ್ಯೂ ಕೊಟ್ಟೆ, ನಾಲ್ಕರಲ್ಲೂ ನಾಲಿಗೆ ಒಣಗಿತು. ಸೆಪ್ಟೆಂಬರ್ ಮುಗಿಯುತ್ತ ಬಂದಾಗ ಐದನೆಯದಕ್ಕೆ ಕರೆ ಬಂತು. ಮುಂದೆ ಯಾವುದೂ ಇರಲಿಲ್ಲ.

ಬೇಲಿಯಾಚೆಯಿಂದ ಭಾಯಿ ವಿಚಾರಿಸಿದರು. ಮಲಗುವ ಕೋಣೆಯ ಮೂಲೆಯಲ್ಲಿ, ಬೋಳು ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ ಅಂದೆ. ತಲೆ ಚಚ್ಚಿಕೊಂಡರು.

"ಯವ್ವಾ! ಮ್ಯಾಚ್ ನಿನ್ನ ಮನಿಯಾಗೈತಿ, ನೀ ಪರಊರಿನ ಟೀಮಿನಗತೆ ಕುಂತೀಯಲ್ಲ! ಅಡಿಗಿ ಮನ್ಯಾಗ ಕುಂದ್ರು. ನಿನ್ನ ಕುರ್ಚಿ, ನಿನ್ನ ಕಾಫಿ."

ಹಾಗೇ ಕೂತೆ. ಆದರೆ ಆ ವರ್ಷ ಅಮೆರಿಕದ ಸ್ಟೇಡಿಯಮ್ಮುಗಳು ಖಾಲಿ ಹೊಡೆಯುತ್ತಿದ್ದವು. ಮಂದಿ ಇಲ್ಲದ ಹೋಮ್ ಗ್ರೌಂಡ್ ಉಪ್ಪಿಲ್ಲದ ಸಾರು ಎಂದು ಭಾಯಿ ತೀರ್ಮಾನಿಸಿಬಿಟ್ಟಿದ್ದರು. ಇದು ನನಗೆ ಗೊತ್ತಾದದ್ದು ಇಂಟರ್‌ವ್ಯೂ ಅರ್ಧ ಆದಮೇಲೆ.

ನೀವು ಮಾಡಿದ ದೊಡ್ಡ ತಪ್ಪು ಯಾವುದು ಎಂದು ಕೇಳಿದರು. ಸರಿಯಾಗಿ ಪರೀಕ್ಷಿಸದೆ ಪ್ರೋಗ್ರಾಮನ್ನು ಬಳಕೆಗೆ ಬಿಟ್ಟು, ಎರಡು ದಿನ ಒದ್ದಾಡಿ ಸರಿಪಡಿಸಿದ್ದನ್ನು ತಡವರಿಸುತ್ತಲೇ ಹೇಳಿ ಮುಗಿಸಿದೆ. ತೆರೆದ ಕಿಟಕಿಯಾಚೆ ಚಪ್ಪಾಳೆ! ನೋಡಿದರೆ ನಮ್ಮ ಹಿತ್ತಲಲ್ಲಿ ಎರಡೆರಡು ಮೀಟರ್ ಅಂತರ ಬಿಟ್ಟು ಭಾಯಿ, ಭಾಭಿ, ಎದುರು ಮನೆಯ ಐರಿಷ್ ಅಜ್ಜಿ ಮೋರಾ, ಮೂವರೂ ಮಾಸ್ಕ್ ಹಾಕಿಕೊಂಡು ನಿಂತಿದ್ದಾರೆ. ಅಯ್ಯೋ ರಾಮ, ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಏನದು ಸದ್ದು?" ಎಂದರು ಸ್ಕ್ರೀನಿನವರು.

ಸುಳ್ಳು ಹೊಳೆಯಲಿಲ್ಲ. "ನನ್ನ ಪಕ್ಕದ ಮನೆಯವರು. ನಾನು ಗೆಲ್ಲಲಿ ಅಂತ ಬಂದಿದ್ದಾರೆ," ಎಂದು ನಕ್ಕುಬಿಟ್ಟೆ. ಅವರೂ ನಕ್ಕರು. ಅಲ್ಲಿಂದಾಚೆ ನನ್ನ ನಾಲಿಗೆ ಎಲ್ಲೂ ತೊಡರಲಿಲ್ಲ. ಮೂರನೆಯ ದಿನ ಕೆಲಸ ಸಿಕ್ಕಿತು! ಮೋರಾ ಅಜ್ಜಿ "ಗ್ರ್ಯಾಂಡ್, ಗ್ರ್ಯಾಂಡ್" ಎನ್ನುತ್ತ ರಸ್ತೆಯಲ್ಲೇ ಒಂದು ಸುತ್ತು ಕುಣಿದರು.

ಆ ಸೀಸನ್ನಿನಲ್ಲಿ ಕೆಳಗಿನ ಶ್ರೇಯಾಂಕದ ತಂಡವೊಂದು ಮೂರು ಪಂದ್ಯ ಪರರ ಮೈದಾನದಲ್ಲಿ ಗೆದ್ದು, ಫೈನಲನ್ನು ತನ್ನೂರಿನಲ್ಲೇ ಆಡಿ ಕಪ್ ಎತ್ತಿತು. ಫೈನಲ್ ಯಾವ ಊರಿನಲ್ಲಿ ಎಂಬುದು ವರ್ಷಗಳ ಮೊದಲೇ ಗೊತ್ತಾಗಿರುತ್ತದಂತೆ, ಆ ಸಲ ಅದು ಅವರ ಊರೇ ಆಗಿತ್ತು. ಬೆಳಗ್ಗೆಯೇ ಭಾಯಿ ಫೋನ್ ಮಾಡಿ ಕೂಗಿದರು. "ಹಿಂಗ ಎಂದೂ ಆಗಿದ್ದಿಲ್ಲವಾ!"

ಮಾರ್ಚ್ ಕೊನೆಯಲ್ಲಿ ಅವರು ಫ್ರಾನ್ಸಿಗೆ ಹೊರಟರು. ಅಲ್ಲಿ ಲ್ಯಾಬಿನ ಮುಖ್ಯಸ್ಥರ ಕೆಲಸ. ರಿಂಗಾಸ್ಕಿಡಿಯ ಹಡಗುಕಟ್ಟೆಗೆ ಬೀಳ್ಕೊಡಲು ಹೋದಾಗ, ಕಾರಿನೊಳಗಿಂದ ಭಾಭಿ ಬಾಯಿ ತಪ್ಪಿ ಹೇಳಿಬಿಟ್ಟರು: ನನ್ನ ಇಂಟರ್‌ವ್ಯೂ ದಿನವೇ ಬೆಳಗ್ಗೆ ಭಾಯಿಯ ಕೈಗೆ ಕೆಲಸದಿಂದ ತೆಗೆದ ಪತ್ರ ಬಂದಿತ್ತಂತೆ. ಇಷ್ಟು ದಿನ ಅವರೂ ಅರ್ಜಿ ಹಾಕುತ್ತಲೇ ಇದ್ದರಂತೆ.

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು. "ನನಗೆ ಒಂದು ಮಾತು ಹೇಳಬಾರದಿತ್ತಾ ಭಾಯಿ?"

"ಹೇಳಿದ್ರ ನೀ ಅವತ್ತ ನನ್ನ ಮಾರಿ ನೋಡ್ಕೋತ ಕುಂದರ್ತಿದ್ದಿ," ಎಂದು ಭಾಯಿ ಗಾಜು ಏರಿಸಿ, ಕಾರನ್ನು ಹಡಗಿನೊಳಕ್ಕೆ ನಡೆಸಿಕೊಂಡು ಹೋದರು.